ಗಾಲಿಯ ಕೆಂಪು ನಟ್ಟು, ಹೌಸಿಂಗಿನ ಬಿಳಿ ಬಣ್ಣ

ವಾಹನ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹರಾಜಿನಾಗ ಸೇನೆಯ ಹಳೇ ಫೋರ್ ಬೈ ಫೋರ್ ಲಾರಿ ತಗೊಂಡೀವ್ರಿ. ಗಾಲಿಗೆ ಎರಡು ಸುತ್ತು ನಟ್ಟು ಅದಾವ. ಹೊರಗಿನ ಸುತ್ತಿಗೆ ಮಾಸಿದ ಕೆಂಪು ಬಣ್ಣ ಐತಿ. ಗಾಲಿ ತೆಗಿಯಾಕ ಎಲ್ಲಾ ಬಿಚ್ಚಬೇಕೇನ್ರಿ?
(ಓದುಗರು, ಮುಧೋಳ)

ಉತ್ತರ: ಗಾಲಿ ತೆಗೆಯಲು ಕೆಂಪು ನಟ್ಟಿಗೆ ಪಾನಾ ಹಚ್ಚಲೇಬೇಡಿ. ಈ ಮಾತನ್ನು ನಿಮ್ಮೂರಿನ ಪಂಚರ್ ಅಂಗಡಿಯವರಿಗೂ ಇವತ್ತೇ ಹೇಳಿ.

ನಿಮ್ಮದು ಎರಡು ಹೋಳಿನ ಡಿಸ್ಕ್, ಅಂದರೆ ಟೈರು ಕೂರುವ ಕಬ್ಬಿಣದ ಚಕ್ರ. ಗಾಲಿಯ ನಡುಭಾಗವಾದ ಹಬ್ಬಿನ ಹತ್ತಿರ ಇರುವ ಒಳಸುತ್ತಿನ ನಟ್ಟುಗಳು ಗಾಲಿಯನ್ನು ಹಬ್ಬಿಗೆ ಹಿಡಿದಿರುತ್ತವೆ. ಹೊರಸುತ್ತಿನವು ಡಿಸ್ಕಿನ ಎರಡು ಹೋಳುಗಳನ್ನು ಒಂದಕ್ಕೊಂದು ಬಿಗಿದಿರುತ್ತವೆ. ಟೈರಿನಲ್ಲಿ ಗಾಳಿ ಇರುವಾಗ ಹೊರಸುತ್ತು ಸಡಿಲಾದರೆ ಹೋಳು ಸಿಡಿದು ಎದುರಿಗೆ ಕೂತವರ ಎದೆಗೋ ಮುಖಕ್ಕೋ ಬಡಿಯುತ್ತದೆ. ಲೆಕ್ಕ ನೋಡಿ: 50 ಪೌಂಡ್ ಗಾಳಿ ಎಂದರೆ ಪ್ರತಿ ಚದರ ಇಂಚಿಗೆ 50 ಪೌಂಡ್ ಒತ್ತಡ. 500 ಚದರ ಇಂಚಿಗೆ ಅದು 25,000 ಪೌಂಡ್, ಹೆಚ್ಚುಕಡಿಮೆ 11 ಟನ್. ಕೊನೆಯ ಎರಡು ಮೂರು ನಟ್ಟು ಈ ಭಾರ ತಡೆಯಲಾರವು. ಎಲ್ಲ ಗಾಡಿಗಳಲ್ಲೂ ಕೆಂಪು ಬಣ್ಣ ಉಳಿದಿರುವುದಿಲ್ಲ, ಆದ್ದರಿಂದ ಬಣ್ಣ ನಂಬದೆ ಜಾಗ ನೋಡಿ ಗುರುತಿಸಿ.

ಗಾಲಿ ಇಳಿಸುವ ಮೊದಲೇ ವಾಲ್ವ್ ಪಿನ್ ಪೂರ್ತಿ ತೆಗೆದು ಗಾಳಿ ಬಿಡಿ. ಸದ್ದು ನಿಂತಿತೆಂದು ನಂಬಬೇಡಿ. ಎರೆಮಣ್ಣು ಕಟ್ಟಿಕೊಂಡು ವಾಲ್ವ್ ಮುಚ್ಚಿರುತ್ತದೆ, ತೆಳ್ಳನೆಯ ತಂತಿ ತೂರಿಸಿ ನೋಡಿ. ಆಮೇಲೆ ಒಳಸುತ್ತು ಬಿಚ್ಚಿ. ಎಡಗಡೆಯ ಸ್ಟಡ್ಡಿನ (ನಟ್ಟು ಕೂರುವ ಬೋಲ್ಟಿನ) ತುದಿಯಲ್ಲಿ ‘ಎಲ್’ ಅಕ್ಷರ ಕೊರೆದಿದ್ದರೆ ಅದು ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲಾಗುತ್ತದೆ. ಇದು ತಿಳಿಯದೆ ಪಾನಾಕ್ಕೆ ಪೈಪ್ ಹಾಕಿ ನಿಂತರೆ ಸ್ಟಡ್ಡೇ ಮುರಿಯುತ್ತದೆ.

ಗಾಲಿ ನೆಲದ ಮೇಲೆ ಮಲಗಿದ ಮೇಲೆ, ಗಾಳಿ ಪೂರ್ತಿ ಇಲ್ಲವೆಂದು ಇನ್ನೊಮ್ಮೆ ನೋಡಿಕೊಂಡು, ಟೈರ್ ಬಿಚ್ಚಬೇಕಿದ್ದರೆ ಮಾತ್ರ ಹೊರಸುತ್ತಿಗೆ ಕೈ ಹಾಕಿ. ಜೋಡಿಸುವಾಗ ಹೋಳುಗಳು ಕೂಡುವ ಅಂಚನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ತುಕ್ಕು ಗುಳಿ ಬಿದ್ದಿದ್ದರೆ, ಥ್ರೆಡ್ ಸವೆದಿದ್ದರೆ ಆ ಡಿಸ್ಕ್ ಗುಜರಿಗೇ ಹೋಗಲಿ, ವೆಲ್ಡಿಂಗ್ ಮಾಡಿಸಬೇಡಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಮೊದಲು ಹತ್ತು ಪೌಂಡ್ ಗಾಳಿ ಹಾಕಿ ಅಂಚು ಕೂತಿದೆಯೇ ನೋಡಿ. ಮುಂದಿನ ಗಾಳಿಯನ್ನು ಕಬ್ಬಿಣದ ಪಂಜರದೊಳಗೇ ತುಂಬಬೇಕು. ಪೈಪ್ ಉದ್ದವಿರಲಿ, ನೀವು ಡಿಸ್ಕಿನ ಮುಖಕ್ಕೆ ನಿಲ್ಲದೆ ಟೈರಿನ ನೆಲಕ್ಕೆ ತಾಗುವ ಮೈ ಇರುವ ಬದಿಗೆ ದೂರ ನಿಲ್ಲಿ. ಎಷ್ಟು ಗಾಳಿ ಎಂಬುದನ್ನು ಸೇನೆಯವರು ಮಡ್‌ಗಾರ್ಡಿನ ಮೇಲೆ ‘ಟಿ.ಪಿ.’ (ಟೈರ್ ಪ್ರೆಶರ್) ಎಂದು ಬರೆದು ಪಕ್ಕದಲ್ಲೇ ಅಂಕಿ ಹಾಕಿರುತ್ತಾರೆ.

ಪ್ರಶ್ನೆ: ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ ಕೆಳಗೊಂದು ಹಿತ್ತಾಳೆ ಬಿರಡೆ ಇದೆ. ಬಿಚ್ಚಿದರೆ ಅರ್ಧ ಲೋಟ ಕರೀ ಎಣ್ಣೆ ಬಂತು. ಈ ಎಣ್ಣೆಯ ಅಳತೆ ಎಷ್ಟು? ಏರಿನಲ್ಲಿ ಕ್ಲಚ್ ಜಾರುತ್ತದೆ, ಅದನ್ನೂ ತಿಳಿಸಿ.
(ಓದುಗರು, ಜಮಖಂಡಿ)

ಉತ್ತರ: ಎರಡೂ ಒಂದೇ ಪ್ರಶ್ನೆ. ಅಲ್ಲಿ ಒಂದು ಹನಿ ಎಣ್ಣೆಯೂ ಇರಬಾರದು, ಅದು ಕ್ಲಚ್ಚಿನ ಮನೆ. ಹಳ್ಳ, ಹೊಳೆ ದಾಟುವಾಗ ನೀರು ಒಳಗೆ ನುಗ್ಗದಿರಲೆಂದು ಹಾಕುವ ಬಿರಡೆ ಅದು. ದಾಟಿದ ಮೇಲೆ ತೆಗೆದಿಡಬೇಕು. ತೂತು ತೆರೆದೇ ಇದ್ದರೆ ಸೀಲಿನಿಂದ ಜಿನುಗಿದ ಎಣ್ಣೆ ನೆಲಕ್ಕೆ ಬಿದ್ದು ಕಣ್ಣಿಗೆ ಕಾಣುತ್ತದೆ. ಮುಚ್ಚಿದ್ದರೆ ಒಳಗೇ ನಿಂತು, ಫ್ಲೈವೀಲ್ ಅದನ್ನು ಎರಚಿ, ಕ್ಲಚ್ ಪ್ಲೇಟ್ ನೆನೆಯುತ್ತದೆ.

ಬಂದ ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿ ನೋಡಿ. ತೆಳ್ಳಗೆ, ಮಸಿಯಂತೆ ಕಪ್ಪಗಿದ್ದರೆ ಎಂಜಿನ್ ಎಣ್ಣೆ, ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ. ಜಿಡ್ಡುಜಿಡ್ಡಾಗಿ ಗಂಧಕದ ವಾಸನೆ ಬಂದರೆ ಗೇರ್ ಎಣ್ಣೆ, ಗೇರ್‌ಬಾಕ್ಸಿನ ಮುಂದಿನ ಸೀಲ್ ನೋಡಿಸಿ. ಹೇಗೂ ಗೇರ್‌ಬಾಕ್ಸ್ ಇಳಿಸಲೇಬೇಕು. ನೆನೆದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವುದು ಬೇಡ, ಲೈನಿಂಗ್ ಹೀರಿದ ಎಣ್ಣೆ ಬಿಸಿಗೆ ಮತ್ತೆ ಹೊರಬರುತ್ತದೆ.

ಪ್ರಶ್ನೆ: ಹಿಂದಿನ ಹೌಸಿಂಗಿಗೆ (ಆಕ್ಸಲ್ ನಡುವಿನ ಗೇರಿನ ಉಂಡೆಗೆ) ಬಿಳಿ ಬಣ್ಣ, ಅದರ ಮೇಲೆ ಚಾಸಿಗೆ ಸಿಕ್ಕಿಸಿದ ಪುಟ್ಟ ಬಲ್ಬು. ಯಾಕೆ? ಹೆಡ್‌ಲೈಟ್ ಒಮ್ಮೊಮ್ಮೆ ಹತ್ತುವುದೇ ಇಲ್ಲ.
(ಓದುಗರು, ಬೆಳಗಾವಿ)

ಉತ್ತರ: ಅದು ಕಾನ್ವಾಯ್ ಲೈಟ್. ಕತ್ತಲಲ್ಲಿ ಉಳಿದ ದೀಪ ಆರಿಸಿ ಸಾಲಾಗಿ ಹೋಗುವಾಗ ಹಿಂದಿನ ಚಾಲಕ ಈ ಬಿಳಿ ಉಂಡೆಯನ್ನೇ ನೋಡಿಕೊಂಡು ಬರುತ್ತಾನೆ. ಮೇಲಿನಿಂದ, ದೂರದಿಂದ ಅದು ಕಾಣುವುದಿಲ್ಲ. ಇಂಥ ಗಾಡಿಗಳ ಲೈಟ್ ಸ್ವಿಚ್ಚಿಗೆ ಒಂದೆರಡು ಹಂತ ಹೆಚ್ಚು. ಕಾನ್ವಾಯ್ ಹಂತದಲ್ಲಿದ್ದರೆ ಹೆಡ್‌ಲೈಟ್ ಜೊತೆಗೆ ಬ್ರೇಕ್ ಲೈಟನ್ನೂ ಕಡಿದಿರಬಹುದು. ವೈರಿಂಗ್ ಬಿಚ್ಚುವ ಮೊದಲು ಸ್ವಿಚ್ಚನ್ನು ಎಲ್ಲ ಹಂತಕ್ಕೂ ತಿರುಗಿಸಿ, ಯಾವುದರಲ್ಲಿ ಏನು ಹತ್ತುತ್ತದೆಂದು ಬರೆದಿಟ್ಟುಕೊಳ್ಳಿ. ಬ್ರೇಕ್ ಲೈಟ್ ಇಲ್ಲದೆ ಹೆದ್ದಾರಿಗೆ ಇಳಿಯಬೇಡಿ.

ಪ್ರಶ್ನೆ: ಮುಂದೆ ವಿಂಚ್ (ತಂತಿಹಗ್ಗ ಸುತ್ತಿ ಎಳೆಯುವ ಯಂತ್ರ) ಇದೆ. ಪೆಟ್ಟಿಗೆಯಲ್ಲಿ ಒಂದು ಬದಿ ಬಾಗಿಲಿನಂತೆ ತೆರೆಯುವ ದಪ್ಪ ರಾಟೆ, ಡಬ್ಬಿ ತುಂಬ ಬೆರಳುದ್ದದ ಮೆತ್ತನೆ ಕಬ್ಬಿಣದ ಪಿನ್ನು ಸಿಕ್ಕಿವೆ. ಇವು ಯಾಕೆ?
(ಓದುಗರು, ವಿಜಯಪುರ)

ಉತ್ತರ: ಡಬ್ಬಿ ಜೋಪಾನ! ಅವು ಶಿಯರ್ ಪಿನ್ನು. ವಿಂಚಿಗೆ ಶಕ್ತಿ ಒಯ್ಯುವ ಶಾಫ್ಟಿನಲ್ಲಿ ಕೂರುತ್ತವೆ. ಎಳೆತ ಮಿತಿ ಮೀರಿದರೆ ಪಿನ್ನು ತುಂಡಾಗಿ ಹಗ್ಗ ಮತ್ತು ಗೇರು ಉಳಿಯುತ್ತವೆ. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟು ಹಾಕಿದರೆ ಮುಂದಿನ ಸಲ ಕಡಿಯುವುದು ತಂತಿಹಗ್ಗ, ಅದು ಚಾಟಿಯಂತೆ ಬೀಸಿ ಬರುತ್ತದೆ. ಪಿನ್ನು ತೀರಿದರೆ ಹಳೆಯದೊಂದನ್ನು ಮಾದರಿಗೆ ಕೊಟ್ಟು, ಅದೇ ಅಳತೆಗೆ, ಅದೇ ಮೆತ್ತನೆಯ ಕಬ್ಬಿಣದಲ್ಲಿ ಲೇತಿನವರಿಂದ ಮಾಡಿಸಿ. ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಕೆಲಸ ಸುಲಭವಾಗಿ ಆಗುತ್ತದೆ.

ರಾಟೆ ಸ್ನ್ಯಾಚ್ ಬ್ಲಾಕ್. ಎರೆಹೊಲದಲ್ಲಿ ಸಿಕ್ಕಿಬಿದ್ದ ಗಾಡಿಗೆ ಅದನ್ನು ಕಟ್ಟಿ, ಹಗ್ಗವನ್ನು ಅದರ ಮೂಲಕ ಹಾಯಿಸಿ ತುದಿಯನ್ನು ನಿಮ್ಮ ಲಾರಿಯ ಚಾಸಿ ಕೊಂಡಿಗೇ ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಡ್ರಮ್ಮಿನ ಮೇಲೆ ಕನಿಷ್ಠ ಐದು ಸುತ್ತು ಹಗ್ಗ ಉಳಿದಿರಲಿ. ಹಗ್ಗದ ನಡುವೆ ತೂಕದ ಗೋಣಿಚೀಲ ಹೊದಿಸಿ.

ಪ್ರಶ್ನೆ: ಫ್ರಂಟ್ ಗೇರಿನ ಲಿವರ್ ಹಿಂದಕ್ಕೆ ಬರವಲ್ದು.
(ಓದುಗರು, ಬಾದಾಮಿ)

ಉತ್ತರ: ಡಾಂಬರಿನ ಮೇಲೆ ಫ್ರಂಟ್ (ಮುಂದಿನ ಗಾಲಿಗಳನ್ನೂ ಎಂಜಿನ್ನಿಗೆ ಜೋಡಿಸಿ, ಹಿಂದಿನವುಗಳ ವೇಗಕ್ಕೇ ಕಟ್ಟುವ ಗೇರು) ಹಾಕಿ ಓಡಿಸಿದ್ದೀರಿ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಮಣ್ಣಿನಲ್ಲಿ ಟೈರು ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಶಾಫ್ಟು ತಿರುಚಿಕೊಂಡು ಬಿಗಿಯುತ್ತದೆ. ಲಿವರಿಗೆ ಸುತ್ತಿಗೆ ಹೊಡೆಯದೆ, ನೆಟ್ಟಗೆ ಹತ್ತಿಪ್ಪತ್ತು ಅಡಿ ರಿವರ್ಸ್ ಹೋಗಿ ಎಳೆಯಿರಿ.

ಪ್ರಶ್ನೆ: ಎರಡು ಬ್ಯಾಟರಿ ಇವೆ. ಒಂದರಿಂದ 12 ವೋಲ್ಟಿನ ಟೇಪ್ ಜೋಡಿಸಲೇ? ಹಸಿರು ಬಣ್ಣ ಹಾಗೇ ಇರಲೇ?
(ಓದುಗರು, ಗೋಕಾಕ)

ಉತ್ತರ: ಎರಡಕ್ಕೂ ಬೇಡ. ಬ್ಯಾಟರಿಗಳು ಸರಣಿಯಲ್ಲಿ ಸೇರಿ 24 ವೋಲ್ಟ್ ಆಗಿರುತ್ತವೆ. ಒಂದರಿಂದ ಮಾತ್ರ ಎಳೆದರೆ ಅದು ಬಡವಾಗಿ, ಇನ್ನೊಂದು ಅತಿ ಚಾರ್ಜಾಗಿ ಕುದಿಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬಾಣದ ಗುರುತಿನ ಸೇನಾ ನಂಬರನ್ನೂ ಅಳಿಸಿ. ನೋಂದಣಿಗೆ ಫಾರ್ಮ್ 20ರ ಜೊತೆ ಸೇನೆಯ ಮೂಲ ಮಾರಾಟ ಪತ್ರ ಬೇಕು. ಬಣ್ಣ ತೆಗೆಯುವಾಗ ಚಾಸಿ ನಂಬರಿನ ಮೇಲೆ ಗ್ರೈಂಡರ್ ಆಡಿಸಬೇಡಿ. ಪೇಂಟ್ ರಿಮೂವರ್ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಮಾರಾಟ ಪತ್ರದ ಒಂದೊಂದು ಅಂಕಿಗೂ ತಾಳೆ ನೋಡಿದ ಮೇಲೆಯೇ ಆರ್.ಟಿ.ಒ. ಕಚೇರಿಗೆ ಹೋಗಿ.