ಮಗ್ಗುಲಾದರೆ ತಲೆ ತಿರುಗುತ್ತದೆಯೇ? ಮಾತ್ರೆಗೆ ಮೊದಲು ಪರೀಕ್ಷೆ ಮಾಡಿಸಿ

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದ ತಕ್ಷಣ ಇಡೀ ಕೋಣೆ ಗಿರ್ರನೆ ತಿರುಗುತ್ತದೆ, ಅರ್ಧ ನಿಮಿಷಕ್ಕೆ ನಿಲ್ಲುತ್ತದೆ. ಕತ್ತಿನ ಮೂಳೆ ಸವೆದಿದೆ ಅಂತ ಕಾಲರ್ ಹಾಕಿಸಿದರು. ತಲೆಯ ಸ್ಕ್ಯಾನ್ ನಾರ್ಮಲ್. ಎರಡು ವರ್ಷದಿಂದ ತಲೆಸುತ್ತಿನ ಮಾತ್ರೆ ನುಂಗುತ್ತಿದ್ದೇನೆ. ಇದು ಜೀವನಪೂರ್ತಿ ಬೇಕಾ?

ಉತ್ತರ: ಬೇಡ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಿಮ್ಮ ಮೇಲೆ ಖಂಡಿತ ಇಲ್ಲ. ಒಂದು ಸಲವೂ ನಿಮ್ಮನ್ನು ಮಲಗಿಸಿ ಕಣ್ಣು ನೋಡದೆ ವರ್ಷಗಟ್ಟಲೆ ಮಾತ್ರೆ ಬರೆದವರ ಮೇಲೆ.

ನೀವು ಹೇಳಿದ್ದು ಬಿಪಿಪಿವಿಯ, ಅಂದರೆ ತಲೆಯ ಭಂಗಿ ಬದಲಾದಾಗ ಒಳಕಿವಿಯಿಂದ ಬರುವ ತಲೆಸುತ್ತಿನ ಲಕ್ಷಣ. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಪುಟ್ಟ ಹರಳುಗಳಿರುತ್ತವೆ. ಅವು ತಮ್ಮ ಜಾಗದಿಂದ ಕಳಚಿಕೊಂಡು ಅರೆವೃತ್ತದ ನಾಳಗಳೊಳಗೆ ಸೇರಿಬಿಡುತ್ತವೆ, ಹೆಚ್ಚಾಗಿ ಹಿಂಬದಿಯ ನಾಳಕ್ಕೆ. ನೀವು ಮಗ್ಗುಲಾದಾಗ ಹರಳು ಜಾರುತ್ತದೆ, ಅದರ ಜೊತೆ ನಾಳದ ದ್ರವವೂ ಚಲಿಸುತ್ತದೆ, ತಲೆ ಸುಮ್ನೆ ಇದ್ದರೂ ತಿರುಗುತ್ತಿದೆ ಅಂತ ಮಿದುಳಿಗೆ ಸುದ್ದಿ ಹೋಗುತ್ತದೆ. ಹರಳು ತಳ ಸೇರಿದ ಮೇಲೆ ಸುತ್ತು ನಿಲ್ಲುತ್ತದೆ. ಅದಕ್ಕೇ ಒಂದು ನಿಮಿಷದೊಳಗೆ ಎಲ್ಲ ಶಾಂತ. ಕತ್ತಿನ ಸವೆತಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 54ರಲ್ಲಿ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಒಂದಿಷ್ಟು ಸವೆತ ಕಾಣುವುದು ಸಾಮಾನ್ಯ, ಅಲ್ವಾ?

ಪರೀಕ್ಷೆಗೆ ಒಂದು ಮಂಚ ಸಾಕು. ಕೂತವರ ತಲೆಯನ್ನು ಒಂದು ಪಕ್ಕಕ್ಕೆ 45 ಡಿಗ್ರಿ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ತಲೆ ಸ್ವಲ್ಪ ಕೆಳಕ್ಕೆ ಇಳಿಯುವಂತೆ ಹಿಡಿದು ಕಣ್ಣು ನೋಡುವುದು. ಹರಳು ಆ ನಾಳದಲ್ಲಿದ್ದರೆ ಕೆಲವು ಸೆಕೆಂಡಿನಲ್ಲಿ ಕಣ್ಣುಗುಡ್ಡೆ ತಿರುಚಿಕೊಂಡು ಅದುರುತ್ತದೆ. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ಇದನ್ನು 1952ರಲ್ಲೇ ಬರೆದಿಟ್ಟಿದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ನಾನು ಪದೇ ಪದೇ ಹೇಳುವುದೂ ಇದನ್ನೇ: ರೋಗಿಯ ಕಣ್ಣು ನೋಡದೆ ಸ್ಕ್ಯಾನ್ ಬರೆಯಬೇಡಿ. ಈ ಹರಳು ಎಂಆರ್‌ಐನಲ್ಲಿ ಕಾಣುವುದಿಲ್ಲ.

ಚಿಕಿತ್ಸೆಯೂ ಹಾಗೇ. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ನಾಳದಿಂದ ಆಚೆ ಜಾರಿಸುವುದು, ಐದೇ ನಿಮಿಷದ ಕೆಲಸ. ಅಮೆರಿಕದ ಜಾನ್ ಎಪ್ಲಿ ಇದನ್ನು 1980ರಲ್ಲಿ ತೋರಿಸಿದಾಗ ನಂಬಿದ ವೈದ್ಯರು ಕಡಿಮೆ. ಅವರ ಹೆಸರಾಂತ ಲೇಖನ ಪ್ರಕಟವಾಗಿದ್ದು 1992ರಲ್ಲಿ. ಈಗ ಅದೇ ಮೊದಲ ಸಾಲಿನ ಚಿಕಿತ್ಸೆ. ಬಹಳ ಜನರಿಗೆ ಒಂದೆರಡು ಸಲಕ್ಕೇ ಗುಣವಾಗುತ್ತದೆ.

ಮಾತ್ರೆ ಹರಳನ್ನು ಅಲುಗಿಸುವುದಿಲ್ಲ. ಸಿನ್ನರಿಜಿನ್, ಪ್ರೋಕ್ಲೋರ್‌ಪೆರಜಿನ್ ಥರದವನ್ನು ತಿಂಗಳುಗಟ್ಟಲೆ ನುಂಗಿದರೆ ವಯಸ್ಸಾದವರಿಗೆ ಕೈನಡುಕ, ಮಂಕು ಬರಬಹುದು. ಬೀಳುವ ಅಪಾಯವೂ ಜಾಸ್ತಿ. ನೀವೇ ನಿಲ್ಲಿಸಲು ಹೋಗದೆ ವೈದ್ಯರ ಹತ್ತಿರ ಮಾತಾಡಿ ಬಿಡಿ.

ವಿಡಿಯೋ ನೋಡಿ ಮನೆಯಲ್ಲೇ ಮಾಡಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಮೊದಲ ಸಲ ಬೇಡ. ಯಾವ ಕಿವಿ, ಯಾವ ನಾಳ ಅಂತ ಗೊತ್ತಾಗಬೇಕು, ಅಡ್ಡ ನಾಳದಲ್ಲಿದ್ದರೆ ವಿಧಾನವೇ ಬೇರೆ. ಕತ್ತಿನ ಅಥವಾ ಕಣ್ಣಿನ ಒಳಪದರದ (ರೆಟಿನಾ) ತೊಂದರೆ ಇದ್ದವರಿಗೆ ಬೇರೆ ರೀತಿ ಮಾಡಬೇಕಾಗಬಹುದು. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಎಚ್ಚರ ವಹಿಸುತ್ತೇನೆ, ಇರಲಿ. ಒಮ್ಮೆ ಖಚಿತವಾದ ಮೇಲೆ ಕಲಿತುಕೊಳ್ಳಿ, ಯಾಕೆಂದರೆ ಇದು ಮರುಕಳಿಸುವ ಕಾಯಿಲೆ. ಪದೇ ಪದೇ ಬಂದರೆ ವಿಟಮಿನ್ ಡಿ ಪರೀಕ್ಷೆ ಮಾಡಿಸಿ.

ಆದರೆ ಸುತ್ತು ಗಂಟೆಗಟ್ಟಲೆ ಬಿಡದಿದ್ದರೆ, ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೂ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ನೇರ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: ನಾಲ್ಕು ದಿನದ ಹಿಂದೆ ತಟ್ಟನೆ ಎಡಗಿವಿ ಕೇಳದಂತಾಯಿತು. ಎಣ್ಣೆ ಬಿಡುತ್ತಿದ್ದೇನೆ. ಇನ್ನೆಷ್ಟು ದಿನ ಕಾಯಲಿ?

ಉತ್ತರ: ಒಂದು ದಿನವೂ ಬೇಡ, ಇವತ್ತೇ ಹೋಗಿ. ಎಣ್ಣೆ ಹಾಕಬೇಡಿ ಅಂದವರೇ ನಿಮ್ಮ ಹಿತೈಷಿಗಳು. ನರಕ್ಕೆ ಸಂಬಂಧಿಸಿದ ಕಿವುಡಾದರೆ ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಹಿಯರಿಂಗ್ ಟೆಸ್ಟ್ ಮಾಡದೆ "ಗುಗ್ಗೆ ಇರಬೇಕು, ಬಿಡಿ" ಎಂದರೆ ಒಪ್ಪಬೇಡಿ.

ಪ್ರಶ್ನೆ: ಕಿವಿಯಲ್ಲಿ ಮೇಣದಬತ್ತಿ ಹಚ್ಚಿ ಗುಗ್ಗೆ ತೆಗೆಯುತ್ತಾರಂತೆ?

ಉತ್ತರ: ಒಳಗಿನಿಂದ ಬಂತು ಅಂತ ತೋರಿಸುವುದು ಬತ್ತಿಯದೇ ಮೇಣ. ಕಿವಿಯ ತಮಟೆ ಸುಟ್ಟುಕೊಂಡವರಿದ್ದಾರೆ. ಅಂಥವರ ಹತ್ತಿರ ಹೋಗಬೇಡಿ.

ಪ್ರಶ್ನೆ: ಕಿವಿಯ ಗುಂಯ್ ಸದ್ದಿಗೆ ಯಾವ ಡ್ರಾಪ್ಸ್?

ಉತ್ತರ: ಯಾವುದೂ ಇಲ್ಲ, ಹಿಯರಿಂಗ್ ಟೆಸ್ಟ್ ಮಾಡಿಸಿ.

ಪ್ರಶ್ನೆ: ನಾನು ವೈದ್ಯ ವಿದ್ಯಾರ್ಥಿ. ನಿಮ್ಮಂತೆ ಕಿವಿಯ ತಜ್ಞನಾಗಿ ಕಾಲೇಜಿನಲ್ಲಿ ಪಾಠ, ಸಂಶೋಧನೆ ಮಾಡುವ ಆಸೆ. ಆಪರೇಷನ್ ಜಾಸ್ತಿ ಇರುತ್ತವಾ?

ಉತ್ತರ: ಇ.ಎನ್.ಟಿ. ಮುಗಿಸಿ, ಆಮೇಲೆ ಕಿವಿಗೇ ಮೀಸಲಾದ ತರಬೇತಿ ಪಡೆಯಬೇಕು. ಕಿವಿಯ ಮೂಳೆ ಕೊರೆದು ಮುಖದ ನರದ ದಾರಿ ಕೈಗೆ ಅಭ್ಯಾಸವಾಗಲು ಪ್ರಯೋಗಾಲಯದಲ್ಲಿ ಬಹಳ ಕಾಲ ಕಳೆಯಬೇಕು. ಸಮತೋಲನದ ಕ್ಲಿನಿಕ್‌ನಲ್ಲಿ ಮಾತ್ರ ಕತ್ತರಿಗಿಂತ ಕೇಳಿಸಿಕೊಳ್ಳುವ ಕೆಲಸವೇ ಜಾಸ್ತಿ. ಬಾರನಿ ಎಂಬ ವೈದ್ಯರು ಕಿವಿ ತೊಳೆಯುವಾಗ ರೋಗಿಗಳು "ನೀರು ತಣ್ಣಗಿದೆ, ತಲೆ ಸುತ್ತುತ್ತಿದೆ" ಎಂದಿದ್ದನ್ನು ತಳ್ಳಿಹಾಕದೆ, ಬಿಸಿ ನೀರು ಹಾಕಿಯೂ ನೋಡಿದರು. ಕಣ್ಣಿನ ಅದುರು ಉಲ್ಟಾ ದಿಕ್ಕಿಗೆ ತಿರುಗಿತು. ಸಮತೋಲನದ ಅಂಗದ ಮೇಲಿನ ಆ ಕೆಲಸಕ್ಕೇ ಅವರಿಗೆ 1914ರ ನೊಬೆಲ್ ಬಂದದ್ದು. ನಿರ್ಧಾರ ಮಾಡುವ ಮುಂಚೆ ಒಂದು ವಾರ ಅಂಥ ಕ್ಲಿನಿಕ್‌ನಲ್ಲಿ ಕೂತು ನೋಡಿ, ಒಬ್ಬೊಬ್ಬ ರೋಗಿಗೆ ಅರ್ಧ ಗಂಟೆ ಕೊಡಲು ನಿಮಗೆ ಬೇಸರವಾಗದಿದ್ದರೆ ಸೇರಿ.