ಉಳಿಕೆ ಕ್ಲೋರಿನ್ ತೂಗಾಡುತ್ತಿದ್ದರೆ ಪಿಐಡಿಯನ್ನು ಹೊಂದಿಸುವ ಬಗೆ

ಕ್ಲೋರಿನ್ ಡೋಸನ್ನು ತಾನೇ ಹೊಂದಿಸುವ ಪಿಐಡಿ ನಿಯಂತ್ರಕ ಆಟೋದಲ್ಲಿರುವಾಗ ಉಳಿಕೆ ಕ್ಲೋರಿನ್ (ನೀರಿನಲ್ಲಿ ಉಳಿದಿರುವ ಕ್ಲೋರಿನ್) 0.2ರಿಂದ 0.9 ಮಿ.ಗ್ರಾಂ/ಲೀ.ವರೆಗೆ ಒಂದೇ ಲಯದಲ್ಲಿ ತೂಗಾಡುತ್ತಿದೆ, ಡೋಸಿಂಗ್ ಪಂಪ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕಾರಣ ಬಹುಶಃ ಪಂಪ್ ಅಲ್ಲ, ಡೋಸ್ ಸೇರುವ ಜಾಗದಿಂದ ಸೆನ್ಸರ್‌ವರೆಗೆ ನೀರು ತಲುಪುವ ವಿಳಂಬ. ಅಷ್ಟು ಹೊತ್ತೂ ಫಲ ಕಾಣದ ಇಂಟಿಗ್ರಲ್ ಭಾಗವು (ಗುರಿಗಿಂತ ಇರುವ ವ್ಯತ್ಯಾಸವನ್ನು ಕೂಡಿಸುತ್ತಾ ಹೋಗುವ ಪಿಐಡಿಯ ಭಾಗ) ಡೋಸನ್ನು ಏರಿಸುತ್ತಲೇ ಇರುತ್ತದೆ.

ಮೊದಲು ಮ್ಯಾನುಯಲ್‌ಗೆ ಹಾಕಿ, ಡೋಸನ್ನು ಸ್ಥಿರವಾಗಿಟ್ಟು ನೋಡಿ. ಆಗಲೂ ತೂಗಾಟ ನಿಲ್ಲದಿದ್ದರೆ ಟ್ಯೂನಿಂಗ್ ಬಿಟ್ಟು ಪಂಪನ್ನೂ ಸ್ಯಾಂಪಲ್ ಲೈನನ್ನೂ ಪರೀಕ್ಷಿಸಬೇಕು. ನಿಂತರೆ, ಹರಿವು ಸ್ಥಿರವಿರುವಾಗ ಡೋಸನ್ನು ಶೇ. 10ರಷ್ಟು ಏರಿಸಿ, ರೀಡಿಂಗ್ ಕದಲತೊಡಗಿದ ಮೇಲೆ ಒಟ್ಟು ಬದಲಾವಣೆಯ ಶೇ. 63ನ್ನು ಮುಟ್ಟಲು ಹಿಡಿದ ಸಮಯವನ್ನು ಗುರುತಿಸಿ, ಅದನ್ನೇ ಇಂಟಿಗ್ರಲ್ ಸಮಯವಾಗಿ ಕೊಡಿ. ಬದಲಾವಣೆಯ ವೇಗಕ್ಕೆ ಸ್ಪಂದಿಸುವ ಡಿರೈವೇಟಿವ್ ಸೊನ್ನೆಯಿರಲಿ. ಗೇನನ್ನು (ವ್ಯತ್ಯಾಸಕ್ಕೆ ಎಷ್ಟು ಜೋರಾಗಿ ಸ್ಪಂದಿಸಬೇಕೆಂಬ ಅಳತೆ) ಅರ್ಧಕ್ಕಿಳಿಸಿ, ತೂಗಾಟ ಉಳಿದರೆ ಮತ್ತೆ ಅರ್ಧಕ್ಕಿಳಿಸಿ.

ನಿಮ್ಮಲ್ಲಿ ಹರಿವು ಬದಲಾಗುತ್ತದೆಯೇ ಎಂಬುದು ಪ್ರಶ್ನೆಯಲ್ಲಿಲ್ಲ. ಬದಲಾಗುವುದಾದರೆ ಡೋಸನ್ನು ಫ್ಲೋಮೀಟರ್‌ಗೆ ಅನುಪಾತವಾಗಿ ಕಟ್ಟಿ, ಸಣ್ಣ ತಿದ್ದುಪಡಿಯನ್ನಷ್ಟೇ ಪಿಐಗೆ (ಡಿರೈವೇಟಿವ್ ಇಲ್ಲದ ಪಿಐಡಿಗೆ) ಬಿಡಿ.