ಊರಿನ ಆಯುಷ್ಮಾನ್ ಕಾರ್ಡ್ ಕೈಗೆ ಬಂದ ಮೇಲೆ ಮುಂಬಯಿಯಲ್ಲಿ ತಮ್ಮನನ್ನು ಮನೋವೈದ್ಯರಿಗೆ ತೋರಿಸಬೇಕೆಂದಿದ್ದೇನೆ. ಕಾರ್ಡ್ ಇಲ್ಲಿ ನಡೆಯುತ್ತದೆಯೇ?

ಆಸ್ಪತ್ರೆಗೆ ದಾಖಲಾದರೆ ನಡೆಯುತ್ತದೆ, ಆದರೆ ಅದಕ್ಕಾಗಿ ಕಾಯಬೇಡಿ. 'ತಮ್ಮ' ಎಂದಿರುವಲ್ಲಿ 'ಅಣ್ಣ' ಎಂದು ಓದಿಕೊಂಡರೆ ಇದು ಆರು ವರ್ಷಗಳ ಹಿಂದಿನ ನನ್ನದೇ ಪ್ರಶ್ನೆ.

ಅಣ್ಣ ಘಾಟ್‌ಕೋಪರಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ. ಆ ಮಳೆಗಾಲದಲ್ಲಿ ಅವನ ನಿದ್ದೆ ಹಾರಿತು, ಲೆಕ್ಕ ತಪ್ಪತೊಡಗಿತು, ಕೊನೆಗೆ ಭಾಂಡುಪಿನ ನಮ್ಮ ಖೋಲಿಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟ. ಮನೋವೈದ್ಯರೆಂದರೆ ಸಾವಿರಗಳ ಲೆಕ್ಕವೆಂದು ಯಾರೋ ಹೇಳಿದ್ದನ್ನು ನಂಬಿ, ಮೊದಲು ಕಾರ್ಡ್, ಆಮೇಲೆ ಡಾಕ್ಟರು ಎಂದು ನಾನು ತೀರ್ಮಾನಿಸಿದೆ. ತಪ್ಪಿದ್ದು ಅಲ್ಲಿಯೇ. ಕಾರ್ಡಿಗೆ ಬೇಕಾದ ಪಡಿತರ ಚೀಟಿ ಊರಲ್ಲಿ, ಕಾರ್ಕಳದಲ್ಲಿತ್ತು. ಅದರಲ್ಲಿ ಅಣ್ಣನ ಹೆಸರು ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆ. ಒಂದೇ ಒಂದು ಅಕ್ಷರ ತಿದ್ದಿಸಲು ಎರಡು ಸಲ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗಿಬಂದೆ, ನಾಲ್ಕು ತಿಂಗಳು ಕಳೆದೆ. ಅವನಿಗಾಗಿ ಏನೋ ಮಾಡುತ್ತಿದ್ದೇನೆಂಬ ಸಮಾಧಾನ ನನಗಿತ್ತು. ಆದರೆ ಓಡಾಡಿದವನು ನಾನು, ಮದ್ದಿಲ್ಲದೆ ಗೋಡೆ ನೋಡುತ್ತ ಮಲಗಿದ್ದವನು ಅವನು. ಅಷ್ಟರಲ್ಲಿ ಅವನ ಕೆಲಸವೂ ಹೋಯಿತು.

ಕಾರ್ಡ್ ಬಂದ ದಿನ ತಿಳಿದದ್ದೇನೆಂದರೆ, ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುವುದು ಆಸ್ಪತ್ರೆಗೆ ದಾಖಲಾದವರ ವೆಚ್ಚವನ್ನು. ಓಪಿಡಿಗೆ, ಅಂದರೆ ಹೊರರೋಗಿ ವಿಭಾಗಕ್ಕೆ, ಹೋಗಿ ಮಾತಾಡಿ, ಮಾತ್ರೆ ಬರೆಸಿಕೊಂಡು ಬರುವುದಕ್ಕೆ ಅದು ಒದಗುವುದಿಲ್ಲ. ಖಿನ್ನತೆಯುಳ್ಳ ಹೆಚ್ಚಿನವರಿಗೆ ಬೇಕಾಗಿರುವುದು ಆ ಓಪಿಡಿಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಮು ವಿಮೆಯಲ್ಲಿ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ಭೇದ ಮಾಡಬಾರದೆನ್ನುತ್ತದೆ, ನಿಜ. ಆದರೆ ಜ್ವರಕ್ಕೇ ಓಪಿಡಿ ವೆಚ್ಚ ಕೊಡದ ವಿಮೆ ಮನಸ್ಸಿಗೆ ಎಲ್ಲಿಂದ ಕೊಟ್ಟೀತು? (ತಮ್ಮನ ಸಂಬಳದಲ್ಲಿ ಇಎಸ್‌ಐ ಎಂಬ ನೌಕರರ ವಿಮೆಗೆ ಕಡಿತವಾಗುತ್ತಿದ್ದರೆ ಮಾತು ಬೇರೆ, ಅದರಲ್ಲಿ ಹೊರರೋಗಿ ಚಿಕಿತ್ಸೆಯೂ ಇದೆ.)

ಕೊನೆಗೆ ನಾವು ಹೋದದ್ದು ಮುಂಬಯಿ ಪಾಲಿಕೆಯ ಸಾಯನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ. ಕೇಸ್ ಪೇಪರಿಗೆ, ಅಂದರೆ ರೋಗಿಯ ನೋಂದಣಿ ಚೀಟಿಗೆ, ಆಗ 10 ರೂಪಾಯಿ. ಕಾರ್ಡನ್ನು ಯಾರೂ ಕೇಳಲಿಲ್ಲ; ನಾಲ್ಕು ತಿಂಗಳ ನನ್ನ ಸಾಧನೆ ಅಂಗಿಯ ಕಿಸೆಯಲ್ಲಿಯೇ ಉಳಿಯಿತು. ವೈದ್ಯೆ ಹಿಂದಿಯಲ್ಲಿ ಕೇಳಿದರೆ ಅಣ್ಣ ತುಳುವಿನಲ್ಲಿ ಹೇಳುತ್ತಿದ್ದ, ನಡುವೆ ದುಭಾಷಿಯಾಗಿ ನಾನು. ತಮ್ಮನಾದ ನನ್ನ ಮುಂದೆ ಹೇಳಲಾಗದ್ದನ್ನು ಅವನು ಅಂದು ಹೇಳಲಿಲ್ಲವೆಂಬುದು ಬಹಳ ಸಮಯದ ನಂತರ ನನಗೆ ಹೊಳೆಯಿತು. ನಿಮಗೆ ಆ ತೊಡಕಿಲ್ಲ: 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇಂದು ರಾತ್ರಿ ಫೋನನ್ನು ತಮ್ಮನ ಕೈಗೆ ಕೊಟ್ಟು ನೀವು ಹೊರಗೆ ಕೂತಿರಿ. ಬೆಳಿಗ್ಗೆ ಬೇಗ ಅಂಥ ಆಸ್ಪತ್ರೆಗೆ ಹೋಗಿ ಕೇಸ್ ಪೇಪರಿನ ಸಾಲಿನಲ್ಲಿ ನಿಲ್ಲಿ. ಕಾರ್ಡಿನ ಅರ್ಜಿಯನ್ನು ಮನೆಯ ಬೇರೆ ಯಾರಾದರೂ ನೋಡಿಕೊಳ್ಳಲಿ.